ಕಾಣದ ಗಿರಾಕಿಗೆ ಹಳೆಯ ಸೈಕಲ್ ಭಾಗಗಳು

ಕೊಪ್ಪಳ ತಾಲೂಕಿನ ಅಳವಂಡಿಯಂಥ ಹೋಬಳಿ ಊರಿನಲ್ಲಿ ಸೈಕಲ್ ರಿಪೇರಿ ಅಂಗಡಿಯ ಹಿಂಬದಿಯನ್ನು ಒಮ್ಮೆ ಇಣುಕಿ ನೋಡಿ. ತುಕ್ಕು ಹಿಡಿದ ರಿಮ್ಮುಗಳು, ಸವೆದ ಫ್ರೀವೀಲ್‌ಗಳು, ಬಾಗಿದ ಪೆಡಲ್‌ಗಳು, ಚೈನಿನ ತುಂಡುಗಳು ರಾಶಿ ಬಿದ್ದಿರುತ್ತವೆ. ಈ ರಾಶಿಗೆ ಇತ್ತೀಚಿನ ದಶಕಗಳಲ್ಲಿ ದೊಡ್ಡ ಸೇರ್ಪಡೆಯಾದದ್ದು 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಬಳಿಕ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಆದರೆ ಅಷ್ಟರೊಳಗೆ ಮನೆಮನೆಗೂ ಒಂದೆರಡು ಸೈಕಲ್ ಬಂದು, ಓಡಿ, ಸವೆದು ಮೂಲೆ ಸೇರಿದ್ದವು. ಇವುಗಳ ಜೊತೆಗೆ ಇನ್ನೊಂದು ಹಳೆಯ ಪದರವೂ ಉಂಟು. ಕೊಪ್ಪಳ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಭಾರತದಲ್ಲಿ ಸೈಕಲ್ ಕಾರ್ಖಾನೆಗಳು ಬೇರೂರುವ ಮುನ್ನ (ಮದರಾಸಿನ ಟಿಐ ಸೈಕಲ್ಸ್ 1949ರಲ್ಲಿ, ಸೋನೀಪತ್‌ನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ ಆರಂಭವಾದವು) ಅನುಕೂಲಸ್ಥರು ಕೊಳ್ಳುತ್ತಿದ್ದುದು ಇಂಗ್ಲೆಂಡಿನ ರ‍್ಯಾಲೆ, ಬಿಎಸ್‌ಎ, ಹರ್ಕ್ಯುಲಿಸ್, ಫಿಲಿಪ್ಸ್ ಸೈಕಲ್‌ಗಳನ್ನು. ಅಂಥ ಸೈಕಲ್ಲಿನ ಒಂದು ಹಬ್ಬು, ಒಂದು ಚರ್ಮದ ಸೀಟು, ಒಂದು ಡೈನಮೋ ಇಂದಿಗೂ ಯಾರದೋ ಅಟ್ಟದ ಮೇಲೆ ಇದ್ದೀತು.

ಗುಜರಿಯವನು ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಕಬ್ಬಿಣದ ದರ ಕೊಡುತ್ತಾನೆ. ಆದರೆ ಹಳೆಯ ಸೈಕಲ್‌ಗಳನ್ನು ಮರುಜೋಡಿಸುವ ಹವ್ಯಾಸಿಗಳು ಬೆಂಗಳೂರಿನಲ್ಲೂ ಇದ್ದಾರೆ, ಇಂಗ್ಲೆಂಡ್, ಹಾಲೆಂಡ್, ಆಸ್ಟ್ರೇಲಿಯಾಗಳಲ್ಲೂ ಇದ್ದಾರೆ. ಅವರಿಗೆ ಬೇಕಾದದ್ದು ಕಬ್ಬಿಣವಲ್ಲ, ಇಂಥದೇ ಅಳತೆಯ, ಇಂಥದೇ ಕಾಲದ ಭಾಗ. ಕೈಯಲ್ಲಿರುವ ಮೊಬೈಲ್ ಫೋನು ಅಳವಂಡಿಯ ಅಂಗಡಿಯನ್ನೂ ಅವರನ್ನೂ ಒಂದೇ ಮಾರುಕಟ್ಟೆಗೆ ತಂದಿದೆ. ಎಲ್ಲವೂ ಹೊರದೇಶಕ್ಕೆ ಹೋಗುವಂಥದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಉಚಿತ ಸೈಕಲ್ಲಿನ ಫ್ರೀವೀಲು ನೆರೆಯೂರಿನ ಅಂಗಡಿಗೆ ಉಪಯುಕ್ತ, ಲಂಡನ್ನಿಗಲ್ಲ.

ಈ ವ್ಯಾಪಾರದ ಕಷ್ಟ ಎಲ್ಲಿದೆ? ಸಂತೆಯಲ್ಲಿ ಕೊಳ್ಳುವವನು ವಸ್ತುವನ್ನು ಮುಟ್ಟಿ ನೋಡುತ್ತಾನೆ, ಮಾರುವವನು ನೋಟನ್ನು ಮುಟ್ಟಿ ನೋಡುತ್ತಾನೆ. ದೂರದ ವ್ಯಾಪಾರದಲ್ಲಿ ಈ ಎರಡೂ ಮುಟ್ಟುವಿಕೆಗಳು ಇಲ್ಲ. ಅವುಗಳ ಜಾಗದಲ್ಲಿ ಇಬ್ಬರೂ ಪರೀಕ್ಷಿಸಿ ನೋಡಬಲ್ಲ ಬೇರೇನಾದರೂ ಬರಬೇಕು. ವಸ್ತುವಿನ ಮಟ್ಟಿಗೆ ಅದು ಅಳತೆ. ಹಣದ ಮಟ್ಟಿಗೆ, ಯಾವುದು ಹಿಂದಕ್ಕೆ ಮರಳಬಲ್ಲದು, ಯಾವುದು ಮರಳಲಾರದು ಎಂಬ ತಿಳಿವಳಿಕೆ. ಇವೆರಡೂ ವಿಜ್ಞಾನದ ವಿದ್ಯಾರ್ಥಿಗೆ ಹೊಸವಲ್ಲ.

ಅಳತೆಯೇ ಹೆಸರು

‘ಹಳೆಯ ಇಂಗ್ಲಿಷ್ ಸೈಕಲ್ಲಿನ ಬಿಡಿಭಾಗ, ಚೆನ್ನಾಗಿದೆ’ ಎಂಬ ವಿವರಣೆಯಿಂದ ಕೊಳ್ಳುವವನಿಗೆ ಏನೂ ತಿಳಿಯುವುದಿಲ್ಲ. ಜಗಳ ಹುಟ್ಟುವುದು ಇಲ್ಲಿಂದಲೇ. ಉದಾಹರಣೆಗೆ ಪೆಡಲ್ ತಿರುಗುವ ಕೆಳಗಿನ ಕೊಳವೆಯ ಬಟ್ಟಲುಗಳನ್ನು ತೆಗೆದುಕೊಳ್ಳಿ. ಬ್ರಿಟಿಷ್ ಮಾದರಿಯಲ್ಲಿ ಇವುಗಳ ಮೇಲೆ ಅಂಗುಲಕ್ಕೆ 24 ಥ್ರೆಡ್ ಇರುತ್ತವೆ. ರ‍್ಯಾಲೆ ಕಂಪನಿ ಮಾತ್ರ ಬಹುಕಾಲ 26 ಥ್ರೆಡ್ ಬಳಸಿತು. ಒಂದು ಅಂಗುಲ 25.4 ಮಿ.ಮೀ. ಆದ್ದರಿಂದ ಮೊದಲನೆಯದರಲ್ಲಿ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ದೂರ 1.058 ಮಿ.ಮೀ., ಎರಡನೆಯದರಲ್ಲಿ 0.977 ಮಿ.ಮೀ. ವ್ಯತ್ಯಾಸ ಬರಿಗಣ್ಣಿಗೆ ಕಾಣದು. ಆದರೆ ಹನ್ನೆರಡು ಥ್ರೆಡ್‌ಗಳನ್ನು ಒಟ್ಟಿಗೆ ಅಳೆದರೆ ವ್ಯತ್ಯಾಸ ಸುಮಾರು 1 ಮಿ.ಮೀ. ಆಗುತ್ತದೆ, ಶಾಲೆಯ ವರ್ನಿಯರ್ ಕ್ಯಾಲಿಪರ್ಸ್‌ಗೆ ಅದು ಧಾರಾಳ. ಲೋಲಕದ ಒಂದು ಆಂದೋಲನದ ಬದಲು ಇಪ್ಪತ್ತು ಆಂದೋಲನಗಳ ಕಾಲವನ್ನು ಅಳೆಯುವುದೂ ಇದೇ ಉಪಾಯವಲ್ಲವೆ?

ಚೈನಿಗೂ ಇದೇ ವಿಧಾನ. ಚೈನಿನ ಎರಡು ಪಿನ್ನುಗಳ ನಡುವಿನ ದೂರ ಅರ್ಧ ಅಂಗುಲ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು ಇಂಥ 24 ಅಂತರಗಳನ್ನು ಅಳೆದರೆ ಹೊಸ ಚೈನಿನಲ್ಲಿ 304.8 ಮಿ.ಮೀ. ಬರಬೇಕು. 308 ಮಿ.ಮೀ. ಬಂದರೆ ಅದು ನೂರಕ್ಕೆ ಒಂದರಷ್ಟು ಸವೆದಿದೆ. ಅಂಥ ಚೈನು ಹೊಸ ಹಲ್ಲುಗಳನ್ನೂ ತಿಂದುಹಾಕುತ್ತದೆ. ಅದನ್ನು ಗುಜರಿಗೇ ಹಾಕಿ. ಪೆಡಲ್‌ಗಳ ವಿಷಯದಲ್ಲಿ ಎಡಬಲವನ್ನು ಗುರುತಿಸಿ ಬರೆಯಿರಿ. ಎಡ ಪೆಡಲ್ಲಿನ ಥ್ರೆಡ್ ಎಡಮುರಿ. ತುಳಿಯುವಾಗ ಪೆಡಲ್ಲಿನ ಅಕ್ಷವು ತನ್ನ ರಂಧ್ರದಲ್ಲಿ ಅತಿ ಸ್ವಲ್ಪ ಉರುಳುತ್ತದೆ, ಆ ಉರುಳುವಿಕೆ ಅದನ್ನು ಸಡಿಲಗೊಳಿಸದೆ ಬಿಗಿಗೊಳಿಸಲಿ ಎಂಬುದು ಉದ್ದೇಶ. ಇದನ್ನರಿಯದೆ ಬಲವಂತವಾಗಿ ತಿರುಗಿಸಿ ಥ್ರೆಡ್ ಕೆಡಿಸಿದ ಪೆಡಲ್‌ಗಳು ರಾಶಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಇನ್ನು ಹವ್ಯಾಸಿಗಳು ಹುಡುಕುವ ಭಾಗವೊಂದನ್ನು ಸ್ವಲ್ಪ ವಿವರವಾಗಿ ನೋಡೋಣ. ಸ್ಟರ್ಮಿ-ಆರ್ಚರ್ ಎಂಬ ಇಂಗ್ಲಿಷ್ ಕಂಪನಿಯ ‘ಎ ಡಬ್ಲ್ಯು’ ಎಂಬ ಮೂರು ಗೇರುಗಳ ಹಿಂಚಕ್ರದ ಹಬ್ 1930ರ ದಶಕದಲ್ಲಿ ಬಂತು. ಅದರ ಕವಚದ ಮೇಲೆ ಅಕ್ಷರಗಳ ಪಕ್ಕದಲ್ಲೇ ತಯಾರಾದ ವರ್ಷದ ಅಂಕಿ ಒತ್ತಿರುತ್ತದೆ. 52 ಎಂದಿದ್ದರೆ 1952. ಒಳಗಿರುವುದು ಗ್ರಹಚಕ್ರ ವ್ಯವಸ್ಥೆ. ನಡುವೆ ಅಲುಗಾಡದ 20 ಹಲ್ಲುಗಳ ‘ಸೂರ್ಯ’, ಅದರ ಸುತ್ತ 20 ಹಲ್ಲುಗಳ ‘ಗ್ರಹ’ಗಳು, ಅವನ್ನು ಆವರಿಸಿದ 60 ಹಲ್ಲುಗಳ ಒಳಹಲ್ಲಿನ ಬಳೆ. ಗ್ರಹಗಳ ಪಂಜರ ಒಂದು ಸುತ್ತು ಬಂದರೆ ಬಳೆ 1 + 20/60, ಅಂದರೆ 4/3 ಸುತ್ತು ಬರುತ್ತದೆ. ಪಂಜರವನ್ನು ತಿರುಗಿಸಿ ಬಳೆಯಿಂದ ಚಲನೆ ಪಡೆದರೆ ಹೆಚ್ಚಿನ ಗೇರು. ಬಳೆಯನ್ನು ತಿರುಗಿಸಿ ಪಂಜರದಿಂದ ಪಡೆದರೆ ಕಡಿಮೆ ಗೇರು, 3/4.

ಮಾರುವವರಿಗೆ ಇದರಿಂದ ಏನು ಲಾಭ? ಹಬ್ಬಿನ ಮೇಲೆ ಸುಣ್ಣದ ಕಡ್ಡಿಯಿಂದ ಒಂದು ಗೆರೆ, ಹಲ್ಲುಗಾಲಿಯ ಮೇಲೆ ಒಂದು ಗೆರೆ ಎಳೆಯಿರಿ. ಹೆಚ್ಚಿನ ಗೇರಿನಲ್ಲಿ ಹಲ್ಲುಗಾಲಿಯನ್ನು ಮೂರು ಸುತ್ತು ತಿರುಗಿಸಿದರೆ ಹಬ್ ನಾಲ್ಕು ಸುತ್ತು ಬರಬೇಕು. ನಡುವಿನದರಲ್ಲಿ ಸಮಸಮ. ಕಡಿಮೆಯದರಲ್ಲಿ ನಾಲ್ಕಕ್ಕೆ ಮೂರು. ಈ ಎಣಿಕೆಯನ್ನು ಒಂದು ನಿಮಿಷದ ವಿಡಿಯೋದಲ್ಲಿ ತೋರಿಸಿದರೆ ಒಳಗಿನ ಹಲ್ಲುಗಳು ತಮ್ಮ ತಮ್ಮ ಸ್ಥಾನದಲ್ಲಿ ಕಚ್ಚುತ್ತಿವೆ ಎಂಬುದಕ್ಕೆ ಅದು ಪುರಾವೆ. ‘ಗ್ಯಾರಂಟಿ’ ಎಂಬ ಮಾತಿಗಿಂತ ಅದು ಹೆಚ್ಚು ತೂಗುತ್ತದೆ. ಕಾಲೇಜಿನಲ್ಲಿ ಗ್ರಹಚಕ್ರವನ್ನು ಕಪ್ಪುಹಲಗೆಯ ಮೇಲಷ್ಟೇ ಕಲಿಸುವ ನಮ್ಮಂಥವರಿಗೂ ಇಂಥ ಹಬ್ ಒಂದು ಸಿಕ್ಕರೆ ಮಾರುವ ಮುನ್ನ ತರಗತಿಗೆ ತರುವುದು ಲೇಸು.

ಫೋಟೋ ತೆಗೆಯುವಾಗ ಭಾಗದ ಪಕ್ಕದಲ್ಲಿ, ಅದೇ ಎತ್ತರದಲ್ಲಿ, ಸ್ಕೇಲನ್ನು ಇಡಿ. ಸ್ಕೇಲು ಕೆಳಗಿದ್ದು ಭಾಗ ಮೇಲಿದ್ದರೆ ಪ್ಯಾರಲಾಕ್ಸ್ ದೋಷದಿಂದ ಅಳತೆ ತಪ್ಪಾಗಿ ಕಾಣುತ್ತದೆ. ಆ ದಿನದ ದಿನಾಂಕವನ್ನು ಚೀಟಿಯಲ್ಲಿ ಬರೆದು ಚಿತ್ರದೊಳಗೆ ಬರುವಂತೆ ಇಡಿ. ವಸ್ತು ನಿಮ್ಮ ಬಳಿಯೇ ಇದೆ ಎಂಬುದು ಆಗ ಸ್ಪಷ್ಟ. ಬಿರುಕು, ತುಕ್ಕುಗಳನ್ನು ಮುಚ್ಚಿಡದೆ ಹತ್ತಿರದಿಂದ ತೋರಿಸಿ. ಫೋನಿನ ಕ್ಯಾಮೆರಾದಲ್ಲಿ ಸ್ಥಳಸೂಚನೆ ಚಾಲೂ ಇದ್ದರೆ ಚಿತ್ರದ ಕಡತದೊಳಗೆ ನಿಮ್ಮ ಮನೆಯ ಅಕ್ಷಾಂಶ ರೇಖಾಂಶಗಳೂ ಸೇರಿರಬಹುದು, ಅದನ್ನು ಆರಿಸಿಡಿ.

ಭಾಗ ಯಾರದು ಎಂಬುದನ್ನೂ ಕೇಳಲೇಬೇಕು. ಫ್ರೇಮ್ ಮೇಲಿನ ನಂಬರನ್ನೂ ತಂದುಕೊಟ್ಟವರ ಹೆಸರನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ.

ಮಾರಬಾರದವು

ಕೊಳ್ಳುವವನು ಅಪರಿಚಿತನೇ ಇರಬಹುದು. ಆದರೆ ನೀವು ಕಳಿಸಿದ ಫೋರ್ಕಿನ ಮೇಲೆ ಅವನು ಇಳಿಜಾರಿನಲ್ಲಿ ಇಳಿಯುತ್ತಾನೆ. ಲೋಹಕ್ಕೆ ದಣಿವು ಎಂಬುದುಂಟು. ಒಮ್ಮೆಗೇ ಮುರಿಯಲಾಗದ ಬಲವೂ ಲಕ್ಷಾಂತರ ಬಾರಿ ಬಂದುಹೋದರೆ ಸೂಕ್ಷ್ಮ ಸೀಳೊಂದನ್ನು ಹುಟ್ಟಿಸಿ ಬೆಳೆಸುತ್ತದೆ. ಎಷ್ಟು ಬಾರಿ? ನಮ್ಮ ದೊಡ್ಡ ಸೈಕಲ್ಲಿನ 28 ಅಂಗುಲದ ಗಾಲಿಯ ಸುತ್ತಳತೆ ಸುಮಾರು 2.23 ಮೀಟರ್. ದಿನಕ್ಕೆ 10 ಕಿ.ಮೀ. ಓಡಿದರೆ ಸುಮಾರು 4,480 ಸುತ್ತು. ವರ್ಷಕ್ಕೆ 300 ದಿನವೆಂದರೆ 13 ಲಕ್ಷಕ್ಕೂ ಮೇಲೆ. ಪ್ರತಿ ಸುತ್ತಿಗೂ ಗಾಲಿಯ ಪ್ರತಿಯೊಂದು ಕಡ್ಡಿ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯಾಗುತ್ತದೆ. ಹತ್ತು ವರ್ಷದಲ್ಲಿ ಕೋಟಿ ದಾಟುತ್ತದೆ. ಆದ್ದರಿಂದ ಹಳೆಯ ಕಡ್ಡಿಗಳನ್ನು ಮಾರಬೇಡಿ.

ಹೊರೆ ಹೆಚ್ಚಿದರೆ ಆಯುಸ್ಸು ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಇನ್ನೂ ಬೇಗ ಕುಗ್ಗುತ್ತದೆ. ಉಕ್ಕಿನಲ್ಲಿ ಸೀಳು ಬೆಳೆಯುವ ವೇಗ ಸುಮಾರಾಗಿ ಹೊರೆಯ ಘನಕ್ಕೆ ಅನುಪಾತದಲ್ಲಿರುತ್ತದೆ. ಹೊರೆ ಎರಡರಷ್ಟಾದರೆ ಸೀಳು ಎಂಟರಷ್ಟು ವೇಗದಲ್ಲಿ ಬೆಳೆಯುತ್ತದೆ. ನಮ್ಮ ಸೀಮೆಯಲ್ಲಿ ಸೈಕಲ್ಲು ಮನುಷ್ಯನನ್ನಷ್ಟೇ ಹೊತ್ತದ್ದಲ್ಲ. ನೀರಿನ ಕೊಡಗಳು, ಜೋಳದ ಚೀಲಗಳು, ಹಿಂದೆ ಒಬ್ಬರು, ಮುಂದೆ ಒಂದು ಮಗು. ‘ಸ್ವಲ್ಪವೇ ಓಡಿದ್ದು’ ಎಂಬ ಮಾತು ಇಲ್ಲಿ ಸಾಲದು. ಅಲ್ಯುಮಿನಿಯಮ್ ಹ್ಯಾಂಡಲ್ಲಿನ ಬಗೆಗಂತೂ ಇನ್ನೂ ಎಚ್ಚರ ಬೇಕು. ಉಕ್ಕಿಗೆ ಒಂದು ದಣಿವಿನ ಮಿತಿ ಇದೆ, ಅದಕ್ಕಿಂತ ಕೆಳಗಿನ ಹೊರೆಯನ್ನು ಅದು ಬಹುಕಾಲ ತಾಳಿಕೊಳ್ಳುತ್ತದೆ. ಅಲ್ಯುಮಿನಿಯಮ್‌ಗೆ ಅಂಥ ಸ್ಪಷ್ಟ ಮಿತಿ ಇಲ್ಲ.

ಫೋರ್ಕಿನ ಕೊಳವೆ ಕವಲೊಡೆಯುವ ಜಾಗ, ಥ್ರೆಡ್ ಮುಗಿಯುವ ಜಾಗ, ಕ್ರ್ಯಾಂಕಿನಲ್ಲಿ ಪೆಡಲ್ ಕೂರುವ ರಂಧ್ರದ ಅಂಚು, ಇಲ್ಲೆಲ್ಲ ಪೀಡನ ಒಂದೆಡೆ ಸಾಂದ್ರವಾಗಿ ಸೀಳು ಹುಟ್ಟುತ್ತದೆ. ಹಿಂದೆ ರೈಲ್ವೆ ಕಾರ್ಯಾಗಾರಗಳಲ್ಲಿ ಬಳಕೆಯಲ್ಲಿದ್ದ ಪರೀಕ್ಷೆಯೊಂದನ್ನು ಶಾಲೆಯಲ್ಲೂ ಮಾಡಬಹುದು. ಭಾಗದ ಬಣ್ಣ ಕೆರೆದು ಚೆನ್ನಾಗಿ ತೊಳೆದು ಒಣಗಿಸಿ. ಸೀಮೆಎಣ್ಣೆಯಲ್ಲಿ (ಸಿಗದಿದ್ದರೆ ಡೀಸೆಲ್‌ನಲ್ಲಿ) ಅರ್ಧ ಗಂಟೆ ನೆನೆಸಿ, ಹೊರಮೈಯನ್ನು ಸಂಪೂರ್ಣ ಒರೆಸಿ. ಸುಣ್ಣದ ಕಡ್ಡಿಯ ನುಣುಪು ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ತೆಳ್ಳಗೆ ಬಳಿದು ಆರಲು ಬಿಡಿ. ಸೀಳಿದ್ದರೆ ಅದರೊಳಗೆ ಲೋಮನಾಳ ಕ್ರಿಯೆಯಿಂದ ಸೇರಿದ್ದ ಎಣ್ಣೆಯನ್ನು ಪುಡಿಯು ಹೀರಿಕೊಂಡು, ಬಿಳಿಯ ಮೇಲೆ ಒಂದು ಗಾಢ ಗೆರೆ ಮೂಡುತ್ತದೆ. ಹತ್ತಿರ ಬೆಂಕಿ ಇರಕೂಡದು. ಮೈಮೇಲೆ ತೆರೆದುಕೊಂಡ ಸೀಳು ಮಾತ್ರ ಇದರಲ್ಲಿ ಕಾಣುತ್ತದೆ, ಒಳಗಿನ ದೋಷ ಕಾಣದು. ಗೆರೆ ಮೂಡಿದ ಭಾಗವನ್ನು ಗರಗಸದಿಂದ ಎರಡು ಮಾಡಿ ಗುಜರಿಗೆ ಹಾಕಿ. ಇಡಿಯಾಗಿ ಹಾಕಿದರೆ ಅದು ಇನ್ನೊಬ್ಬರ ಸೈಕಲ್ಲಿಗೆ ಮರಳಿ ಬಂದೀತು. ಹಳೆಯ ಬ್ರೇಕ್ ರಬ್ಬರ್ ಗಾಳಿಯ ಆಮ್ಲಜನಕ, ಓಜೋನ್‌ಗಳಿಂದ ಗಡುಸಾಗಿರುತ್ತದೆ, ಅದನ್ನೂ ಮಾರಕೂಡದು.

ಕಟ್ಟುವುದು

ಸಾಗಣೆಯ ದಾರಿಯಲ್ಲಿ ನಿಮ್ಮ ಡಬ್ಬಿ ಹಲವು ಬಾರಿ ಬೀಳುತ್ತದೆ ಎಂದೇ ತಿಳಿಯಿರಿ. 80 ಸೆಂ.ಮೀ. ಎತ್ತರದ ಮೇಜಿನಿಂದ ಬಿದ್ದ ವಸ್ತುವನ್ನು ಮೆತ್ತೆಯು 2 ಸೆಂ.ಮೀ. ಕುಗ್ಗಿ ನಿಲ್ಲಿಸಿದರೆ ಸರಾಸರಿ ವೇಗಾಪಕರ್ಷವು ಗುರುತ್ವ ವೇಗೋತ್ಕರ್ಷದ 80/2, ಅಂದರೆ 40 ಪಟ್ಟು. ಮೆತ್ತೆಯಿಲ್ಲದೆ ಒಂದು ಮಿ.ಮೀ.ನಲ್ಲಿ ನಿಂತರೆ 800 ಪಟ್ಟು. ಹಬ್ಬಿನ ತೂಕ ಸುಮಾರು ಒಂದು ಕಿಲೋ. 40 ಪಟ್ಟಿನಲ್ಲೇ ಬಲ ಸುಮಾರು 400 ನ್ಯೂಟನ್. ಅದು ಹಬ್ಬಿನ 10 ಮಿ.ಮೀ. ವ್ಯಾಸದ ಅಕ್ಷದ ತುದಿಯ ಮೇಲೆ ಬಿದ್ದರೆ ಒತ್ತಡ ವಾಯುಮಂಡಲ ಒತ್ತಡದ ಸುಮಾರು 50 ಪಟ್ಟು. ರಟ್ಟು ತೂತಾಗಿ ಅಕ್ಷ ಹೊರಬರುವುದು ಇದರಿಂದಲೇ. ಅಕ್ಷದ ಎರಡೂ ತುದಿಗೆ ಅಗಲವಾದ ಮರದ ಬಿಲ್ಲೆ ಅಥವಾ ದಪ್ಪ ರಟ್ಟಿನ ಪದರ ಕೊಟ್ಟರೆ ಅದೇ ಬಲ ಹೆಚ್ಚು ಕ್ಷೇತ್ರಕ್ಕೆ ಹಂಚಿಹೋಗುತ್ತದೆ. ಭಾಗವು ಡಬ್ಬಿಯೊಳಗೆ ಅಲುಗಾಡಿದರೆ ಸದ್ದು ಬರುತ್ತದೆ. ಸದ್ದು ಬಂದರೆ ಬಿಚ್ಚಿ ಮತ್ತೆ ಕಟ್ಟಿ.

ಕೊರಿಯರ್‌ನವರು ತೂಕವನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳ ಸೆಂ.ಮೀ. ಗುಣಲಬ್ಧವನ್ನು ಸಾಮಾನ್ಯವಾಗಿ 5,000ದಿಂದ ಭಾಗಿಸಿ ಬಂದ ‘ಗಾತ್ರದ ತೂಕ’ ಹೆಚ್ಚಿದ್ದರೆ ಅದಕ್ಕೇ ಹಣ. ದೊಡ್ಡ ಸೈಕಲ್ಲಿನ ರಿಮ್ಮಿಗೆ 66×66×8 ಸೆಂ.ಮೀ. ಡಬ್ಬಿ ಬೇಕೆಂದರೆ ಲೆಕ್ಕ 7 ಕಿಲೋ! ಹಬ್ಬು, ಪೆಡಲ್, ಡೈನಮೋ ಹೊರದೇಶಕ್ಕೆ ಹೋಗುತ್ತವೆ, ರಿಮ್ ಹೋಗದಿರುವುದಕ್ಕೆ ಕಾರಣ ಇದು.

ಹಸಿ ಮರದ ಪೆಟ್ಟಿಗೆ ಹೊರದೇಶಕ್ಕೆ ಸಲ್ಲದು. ಕೀಟಗಳು ದಾಟದಂತೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾದಿರಬೇಕು, ಅದರ ಮುದ್ರೆ ಪೆಟ್ಟಿಗೆಯ ಮೇಲಿರಬೇಕು ಎಂಬ ಅಂತರರಾಷ್ಟ್ರೀಯ ನಿಯಮವಿದೆ. ರಟ್ಟು, ಪ್ಲೈವುಡ್‌ಗಳಿಗೆ ಈ ತೊಡಕಿಲ್ಲ. ಅಳವಂಡಿ ಕಡೆಯ ಎರೆಮಣ್ಣು ಮಡ್‌ಗಾರ್ಡಿನಲ್ಲಿ ಹೇಗೆ ಅಂಟಿ ಕೂರುತ್ತದೆಂದು ಅಲ್ಲಿಯವರಿಗೆ ಹೇಳಬೇಕಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ತಪಾಸಣೆಯಲ್ಲಿ ಬಳಸಿದ ಸೈಕಲ್ ಭಾಗದ ಮೇಲೆ ಮಣ್ಣು, ಬೀಜ ಕಂಡರೆ ತಡೆಹಿಡಿಯುತ್ತಾರೆ. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ, ಗ್ರೀಸು ತೆಗೆದು, ತುಕ್ಕು ಹಿಡಿಯದಂತೆ ತೆಳುವಾಗಿ ಎಣ್ಣೆ ಒರೆಸಿ ಕಳಿಸಿ. ಟ್ಯೂಬಿಗೆ ಹಚ್ಚುವ ಸಲ್ಯೂಷನ್ ಬೇಗ ಹೊತ್ತಿಕೊಳ್ಳುವಂಥದ್ದು, ವಿಮಾನದಲ್ಲಿ ಸಾಗದು.

ಗಡಿ ದಾಟುವ ಕಾಗದಗಳು

ವ್ಯಾಪಾರಕ್ಕಾಗಿ ಹೊರದೇಶಕ್ಕೆ ಕಳಿಸುವವರಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಲ್ಲಿ ಪ್ಯಾನ್ ಆಧಾರದ ಮೇಲೆ ಆನ್‌ಲೈನ್‌ನಲ್ಲೇ ಇದನ್ನು ಪಡೆಯಬಹುದು, ಅರ್ಜಿ ಶುಲ್ಕ 500 ರೂಪಾಯಿ. ಅಂಚೆ ಇಲಾಖೆ 2022ರಿಂದ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ಗಳನ್ನು ತೆರೆದಿದೆ, ಸಣ್ಣ ರಫ್ತುದಾರರು ಅಂಚೆಯ ರಫ್ತು ಪತ್ರವನ್ನು ಕಂಪ್ಯೂಟರಿನಲ್ಲೇ ತುಂಬಲು ಅಲ್ಲಿ ನೆರವು ಸಿಗುತ್ತದೆ. ಪತ್ರದಲ್ಲಿ ಸರಕಿನ ಅಂತರರಾಷ್ಟ್ರೀಯ ವರ್ಗಸಂಖ್ಯೆ ಕೇಳುತ್ತಾರೆ. ಸೈಕಲ್ ಭಾಗಗಳದು 8714. ಅದರೊಳಗೆ ಫ್ರೇಮು, ಫೋರ್ಕುಗಳಿಗೆ 8714.91, ಹಬ್ಬು, ಫ್ರೀವೀಲ್ ಹಲ್ಲುಗಾಲಿಗಳಿಗೆ 8714.93, ಸೀಟಿಗೆ 8714.95, ಪೆಡಲ್, ಕ್ರ್ಯಾಂಕುಗಳಿಗೆ 8714.96. ‘ಬಳಸಿದ ಸೈಕಲ್ ಹಬ್, ಉಕ್ಕು’ ಎಂದು ಸರಳವಾಗಿ ಬರೆಯಿರಿ. ಸುಂಕ ಉಳಿಸಲು ‘ಉಡುಗೊರೆ’ ಎಂದು ಬರೆಯಿರಿ ಎಂದು ಕೊಳ್ಳುವವರು ಕೆಲವೊಮ್ಮೆ ಕೇಳುತ್ತಾರೆ. ಅದು ಸುಳ್ಳು ಘೋಷಣೆ. ಪಾರ್ಸೆಲ್ ಕಳೆದುಹೋದರೆ ಪರಿಹಾರವೂ ಬರೆದ ಬೆಲೆಯ ಮೇಲೆಯೇ ನಿಲ್ಲುತ್ತದೆ. ಅಲ್ಲಿಯ ಸುಂಕ ಯಾರ ಹೊಣೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಅಮೆರಿಕವು 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು 2025ರ ಆಗಸ್ಟ್‌ನಲ್ಲಿ ತೆಗೆದುಹಾಕಿತು.

ಒಂದು ಕಾನೂನು ಹಲವರ ಗಮನಕ್ಕೆ ಬಂದಿಲ್ಲ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಆಸಕ್ತಿಯ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮೇಲೆ ಹೇಳಿದ ಹಬ್ಬಿಗೆ ಆ ವಯಸ್ಸಾಗಿಲ್ಲ. ಆದರೆ 1920ರ ದಶಕದ ಆರಂಭದ ಇಡೀ ಸೈಕಲ್ಲು ಈಗ ಆ ಗೆರೆಯನ್ನು ದಾಟಿದೆ. ಸಂದೇಹವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣದಿಂದ ಪ್ರಾಚ್ಯವಸ್ತು ಅಲ್ಲವೆಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ.

ಮರಳುವ ಹಣ, ಮರಳದ ಪಾರ್ಸೆಲ್

ಉಷ್ಣಗತಿ ವಿಜ್ಞಾನದಲ್ಲಿ ಹಿಮ್ಮರಳುವ ಮತ್ತು ಹಿಮ್ಮರಳದ ಕ್ರಿಯೆಗಳನ್ನು ನೀವು ಓದಿದ್ದೀರಿ. ಪಾರ್ಸೆಲ್ ಕಳಿಸುವುದು ಹಿಮ್ಮರಳದ ಕ್ರಿಯೆ. ಯುಪಿಐನಲ್ಲಿ ಪಿನ್ ಒತ್ತಿ ಹಣ ಕಳಿಸುವುದೂ ಬಹುಮಟ್ಟಿಗೆ ಹಾಗೆಯೇ. ಆದರೆ ಕಾರ್ಡು, ಪೇಪ್ಯಾಲ್, ಚೆಕ್ಕುಗಳಿಂದ ಬಂದ ಹಣ ಹಿಂದಕ್ಕೆ ಹೋಗಬಲ್ಲದು. ಪೇಪ್ಯಾಲ್‌ನಲ್ಲಿ ಕೊಂಡವರು 180 ದಿನಗಳೊಳಗೆ ತಕರಾರು ಎತ್ತಬಹುದು. ಮೋಸಗಾರ ಹುಡುಕುವುದು ಈ ಅಸಮತೆಯನ್ನೇ: ತನ್ನ ಕಡೆಯದು ಮರಳುವಂತಿರಬೇಕು, ನಿಮ್ಮ ಕಡೆಯದು ಮರಳದಂತಿರಬೇಕು. ಆದ್ದರಿಂದ ಪಾವತಿಯಲ್ಲಿ ದಾಖಲಾದ ವಿಳಾಸಕ್ಕೇ, ಜಾಡು ಹಿಡಿಯಬಹುದಾದ ಸೇವೆಯಲ್ಲೇ ಕಳಿಸಿ. ‘ತಮ್ಮನ ಮನೆಗೆ ಕಳಿಸಿ’ ಎಂದು ಬೇರೆ ವಿಳಾಸ ಕೊಟ್ಟರೆ ಒಪ್ಪಬೇಡಿ. ತಕರಾರು ಬಂದಾಗ ತಲುಪಿಸಿದ ಪುರಾವೆ ನಿಮ್ಮ ಪರ ನಿಲ್ಲದು. ರಸೀದಿ, ಫೋಟೋ, ವಿಡಿಯೋಗಳನ್ನು ಆ 180 ದಿನ ಮುಗಿಯುವ ತನಕ ಅಳಿಸಬೇಡಿ.

ದೇಶದೊಳಗಿನ ಮೋಸ ಇನ್ನೂ ಸರಳ. ಗಿರಾಕಿ ಚೌಕಾಸಿಯೇ ಮಾಡದೆ ಒಪ್ಪುತ್ತಾನೆ, ತಾನು ಸೈನಿಕನೆಂದು ಗುರುತಿನ ಚೀಟಿಯ ಚಿತ್ರ ಕಳಿಸುತ್ತಾನೆ, ಬಳಿಕ ಒಂದು ಕ್ಯೂಆರ್ ಚಿತ್ರ ಕಳಿಸಿ ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ’ ಎನ್ನುತ್ತಾನೆ. ಕ್ಯೂಆರ್ ಎಂದರೆ ಚುಕ್ಕಿಗಳ ರೂಪದ ಬರಹ, ಅಷ್ಟೆ. ಪಾವತಿಯ ಕ್ಯೂಆರ್‌ನಲ್ಲಿ ಇರುವುದು ಹಣ ಪಡೆಯುವವನ ವಿಳಾಸ, ಬೇಕಿದ್ದರೆ ಮೊತ್ತ. ಅವನು ಕಳಿಸಿದ ಚಿತ್ರದಲ್ಲಿರುವುದು ಅವನದೇ ವಿಳಾಸ. ಪಿನ್ ಎಂಬುದು ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗಲು ನೀವು ಕೊಡುವ ಒಪ್ಪಿಗೆ. ಹಣ ಬರಲು ಪಿನ್ನಿನ ಅಗತ್ಯವೇ ಇಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ‘ಕಲೆಕ್ಟ್’ ಕೋರಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಕ್ಯೂಆರ್ ದಾರಿ ಮಾತ್ರ ತೆರೆದೇ ಇದೆ. ಇನ್ನೊಂದು ಬಗೆ, ಐನೂರರ ಬದಲು ಐದು ಸಾವಿರ ಬಂದಿದೆಯೆಂದು ನಕಲಿ ಸಂದೇಶ ಕಳಿಸಿ ಉಳಿದದ್ದನ್ನು ಮರಳಿಸಿ ಎಂದು ಅಂಗಲಾಚುವುದು. ಸಂದೇಶವನ್ನಾಗಲಿ, ತೆರೆಯ ಚಿತ್ರವನ್ನಾಗಲಿ ನಂಬದೆ ಖಾತೆಯ ಶಿಲ್ಕನ್ನೇ ತೆರೆದು ನೋಡಿ. ಕೊರಿಯರ್ ಹೆಸರಿನಲ್ಲಿ ಬಂದ ಎಪಿಕೆ ಕಡತವನ್ನು ಫೋನಿನಲ್ಲಿ ಸ್ಥಾಪಿಸಬೇಡಿ, ನಿಮ್ಮ ತೆರೆಯನ್ನು ಇತರರಿಗೆ ತೋರಿಸುವ ಆ್ಯಪನ್ನೂ ಹಾಕಬೇಡಿ.

ಹಣ ಹೋಗಿದೆಯೆಂದು ತಿಳಿದೊಡನೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಮೋಸಗಾರರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗ ಸಾಗಿಸುತ್ತಾರೆ. ಎಲ್ಲೋ ಒಂದು ಖಾತೆಯಲ್ಲಿ ಅದು ಇನ್ನೂ ಉಳಿದಿರುವಾಗಲೇ ತಡೆಹಿಡಿಯಲು ಸಾಧ್ಯ. ಕರೆ ಮಾಡುವಾಗ ವ್ಯವಹಾರದ 12 ಅಂಕಿಗಳ ಯುಪಿಐ ಸಂಖ್ಯೆ, ಮೊತ್ತ, ದಿನಾಂಕ, ವೇಳೆ, ಎದುರಿನವರ ಫೋನ್ ಸಂಖ್ಯೆ ಕೈಯಲ್ಲಿರಲಿ. ದೂರಿನ ಸಂಖ್ಯೆಯನ್ನು ಬರೆದುಕೊಂಡು, ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ವಿವರ ತುಂಬಿ, ಅದರ ಪ್ರತಿಯೊಡನೆ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ.